ಗುಡ್ಡ-ಹಳ್ಳಗಳ ಹೆಸರು ಮತ್ತು ಐತಿಹಾಸಿಕ ನಕಾಶೆ: ಗಡಿ ತಾಲ್ಲೂಕುಗಳನ್ನು ಕುರಿತ ಒಂದು ವಿಮರ್ಶೆ

ಐತಿಹಾಸಿಕ ನಕಾಶೆಗಳ ರಚನೆಯಲ್ಲಿ ಊರಿನ ಹೆಸರಿಗೆ ದೊರೆತ ಗಮನ ಗುಡ್ಡ, ಹಳ್ಳ, ಕೊಳ್ಳಗಳ ಹೆಸರಿಗೆ ದೊರೆತಿಲ್ಲ. ಊರಿನ ಹೆಸರಿಗೆ ಶಾಸನ, ಕಂದಾಯ ದಫ್ತರ, ಜನಗಣತಿಗಳ ಆಧಾರವಿರುತ್ತದೆ. ಹಳ್ಳದ ಹೆಸರು ಬಹುಮಟ್ಟಿಗೆ ರೈತರ, ಕುರಿಗಾರರ ನಾಲಗೆಯ ಮೇಲೆಯೇ ಉಳಿದಿರುತ್ತದೆ. ಚಿಕ್ಕೋಡಿ, ರಾಯಬಾಗ, ಅಥಣಿ ತಾಲ್ಲೂಕುಗಳಲ್ಲಿಯೂ, ಚಿಕ್ಕೋಡಿಯಿಂದ ಬೇರ್ಪಟ್ಟ ನಿಪ್ಪಾಣಿ, ಅಥಣಿಯಿಂದ ಬೇರ್ಪಟ್ಟ ಕಾಗವಾಡಗಳಲ್ಲಿಯೂ ಈ ಕೊರತೆಗೆ ವಿಶೇಷ ಅರ್ಥವಿದೆ. ಇಲ್ಲಿ ಒಂದೇ ನೆಲವನ್ನು ಕನ್ನಡ, ಮರಾಠಿ ಎರಡೂ ಹೆಸರಿಸಿವೆ.

ಆಕರಗಳೇ ಮೊದಲು ಹಂಚಿಹೋಗಿವೆ. ಬ್ರಿಟಿಷ್ ಆಡಳಿತದಲ್ಲಿದ್ದ ಚಿಕ್ಕೋಡಿ, ಅಥಣಿಗಳಿಗೆ 1884ರ ಮುಂಬಯಿ ಗೆಜೆಟಿಯರಿನ 21ನೆಯ ಸಂಪುಟ (ಬೆಳಗಾವಿ) ಆಕರವಾದರೆ, ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದ ರಾಯಬಾಗಕ್ಕೆ 1886ರ 24ನೆಯ ಸಂಪುಟವನ್ನು ನೋಡಬೇಕಾಗುತ್ತದೆ. ಸರ್ವೇ ಆಫ್ ಇಂಡಿಯಾದ ಹಾಳೆಗಳಲ್ಲಿ ಅಥಣಿ ಪಟ್ಟಣ 47 ಪಿ ವಿಭಾಗದಲ್ಲಿದ್ದರೆ, ಉಳಿದ ನಾಲ್ಕೂ ಪಟ್ಟಣಗಳು 47 ಎಲ್ ವಿಭಾಗದಲ್ಲಿವೆ. ಈ ಹಾಳೆಗಳ ರೋಮನ್ ಲಿಪಿ ಲ-ಳ, ದ-ಡಗಳ ಭೇದವನ್ನು ಉಳಿಸಿಕೊಳ್ಳಲಿಲ್ಲ. ‘ಹಾಲ ಹಳ್ಳ’ ಮತ್ತು ‘ಹಾಳ ಹಳ್ಳ’ ಎಂಬ ಎರಡು ಹೆಸರುಗಳನ್ನು ಕಲ್ಪಿಸಿಕೊಂಡರೆ, ಆ ಲಿಪಿಯಲ್ಲಿ ಎರಡೂ ಒಂದೇ ಆಗುತ್ತವೆ. ಸಮೃದ್ಧಿಯನ್ನು ಹೇಳುವ ಹೆಸರಾವುದು, ಪಾಳುಬಿದ್ದ ನೆಲವನ್ನು ಹೇಳುವ ಹೆಸರಾವುದು ಎಂಬುದು ಸಂಶೋಧಕನಿಗೆ ತಿಳಿಯದು.

ನಿಪ್ಪಾಣಿ ಸಮೀಪದ ಘಟ್ಟದ ಹೆಸರು ಇದಕ್ಕೆ ಉತ್ತಮ ನಿದರ್ಶನ. ತವನಿಧಿ, ಸ್ತವನಿಧಿ, ತವಂದಿ ಎಂಬ ಮೂರು ರೂಪಗಳು ಬಳಕೆಯಲ್ಲಿವೆ. ಹಳಗನ್ನಡದಲ್ಲಿ ‘ತವನಿಧಿ’ ಎಂದರೆ ಅಕ್ಷಯ ನಿಧಿ. ‘ಸ್ತವನಿಧಿ’ಯಲ್ಲಿ ಸಂಸ್ಕೃತದ ಸ್ತುತ್ಯರ್ಥ ಸೇರಿಕೊಂಡಿದೆ. ‘ತವಂದಿ’ ಆಡುಮಾತಿನ ಸಂಕ್ಷಿಪ್ತ ರೂಪ. ಇವುಗಳಲ್ಲಿ ಒಂದನ್ನು ಶುದ್ಧವೆಂದು ಆರಿಸಿ ಉಳಿದವನ್ನು ಕೈಬಿಡುವ ನಕಾಶೆ ಸ್ಥಳವನ್ನು ತೋರಿಸೀತು, ಆದರೆ ಅದರ ಚರಿತ್ರೆಯನ್ನು ಅಳಿಸುತ್ತದೆ.

ನದಿಗಳ ಪ್ರಶ್ನೆ ಬೇರೆ. ಸಹ್ಯಾದ್ರಿಯ ಕಡೆಯಿಂದ ಹರಿದುಬರುವ ದೂಧಗಂಗಾ ತನ್ನ ಹೆಸರನ್ನು ಕೃಷ್ಣೆಯವರೆಗೂ ಹೊತ್ತು ತರುತ್ತದೆ. ಕನ್ನಡಿಗರೂ ‘ಹಾಲುಗಂಗೆ’ ಎಂದು ಅದನ್ನು ಅನುವಾದಿಸಿಕೊಂಡಿಲ್ಲ. ಸಣ್ಣ ಹಳ್ಳದ ಹೆಸರು ಹೀಗೆ ಪ್ರಯಾಣಿಸುವುದಿಲ್ಲ, ಅದು ದಡದ ಹೊಲದಲ್ಲಿಯೇ ಹುಟ್ಟುತ್ತದೆ. ಆದುದರಿಂದ ‘ಹಳ್ಳ’ವನ್ನು ‘ಓಢಾ’ ಎಂದೋ, ‘ಓಢಾ’ವನ್ನು ‘ಹಳ್ಳ’ ಎಂದೋ ಕಚೇರಿಯಲ್ಲಿ ಕುಳಿತು ಮಾರ್ಪಡಿಸುವುದು ಸಾಕ್ಷ್ಯವನ್ನೇ ತಿದ್ದಿದಂತೆ.

ಸ್ಥಳನಾಮಗಳು ಭಾಷಾಚರಿತ್ರೆಗೆ ಪ್ರಬಲ ಆಧಾರವೆಂಬುದನ್ನು ಶಂ.ಬಾ. ಜೋಶಿಯವರು ‘ಕಣ್ಮರೆಯಾದ ಕನ್ನಡ’ದಲ್ಲಿ ತೋರಿಸಿಕೊಟ್ಟರು. ಆದರೆ 1956ರ ನಂತರದ ಗಡಿವಿವಾದದ ವಾತಾವರಣದಲ್ಲಿ ಹೆಸರು ಹಕ್ಕುಪತ್ರದಂತೆ ಬಳಕೆಯಾಗುವ ಅಪಾಯವಿದೆ. ಪ್ರಾಚೀನ ಕನ್ನಡ ಪದವೊಂದು ಇಂದಿನ ಮಾತುಗಾರನ ಮರಾಠಿಯನ್ನು ಸುಳ್ಳು ಮಾಡುವುದಿಲ್ಲ; ಇಂದಿನ ಮರಾಠಿ ರೂಪವೂ ಹಿಂದಿನ ಕನ್ನಡವನ್ನು ಇಲ್ಲವಾಗಿಸುವುದಿಲ್ಲ.

ಹೀಗಾಗಿ ಪ್ರತಿಯೊಂದು ಹೆಸರಿನೊಂದಿಗೆ ಅದರ ಉಚ್ಚಾರ, ಹೇಳಿದವರ ಮಾತೃಭಾಷೆ ಮತ್ತು ವೃತ್ತಿ, ಪರ್ಯಾಯ ರೂಪಗಳು, ದಾಖಲಿಸಿದ ವರ್ಷ ಹಾಗೂ ಹಳೆಯ ನಕಾಶೆಯ ಕಾಗುಣಿತ ಇವಿಷ್ಟೂ ಜೊತೆಗಿರಬೇಕು. ಕಬ್ಬಿನ ಗದ್ದೆಗಾಗಿ ಹಳ್ಳಗಳನ್ನು ಸಮತಟ್ಟು ಮಾಡಿದ ಕಡೆ ಈ ಕೆಲಸ ಇನ್ನಷ್ಟು ತುರ್ತಿನದು. 2005 ಮತ್ತು 2019ರ ಕೃಷ್ಣಾ ಪ್ರವಾಹಗಳನ್ನು ಕಂಡ ಈ ನಾಡಿನಲ್ಲಿ, ಹೊಲದ ನಡುವೆ ಉಳಿದ ‘ಹಳ್ಳ’ ಎಂಬ ಒಂದು ಮಾತು ಹಿಂದೆ ನೀರು ಹರಿದ ದಾರಿಯನ್ನು ಸೂಚಿಸಬಲ್ಲ ಸಾಕ್ಷ್ಯವಾಗಿದೆ.