ಎರಡನೆಯ ಗೇರಿನ ಕಾರು

ಬೆಂಗಳೂರಿನಲ್ಲಿ ದಿನವೂ ಕಚೇರಿಗೆ ಓಡುವ ಕಾರು ತನ್ನ ಆಯುಷ್ಯದ ಬಹುಪಾಲನ್ನು ಮೊದಲ ಎರಡು ಗೇರುಗಳಲ್ಲೇ ಕಳೆಯುತ್ತದೆ. ಕಂಪನಿಯ ಕರಪತ್ರ ಎತ್ತಿ ಹೇಳುವ ಗರಿಷ್ಠ ಅಶ್ವಶಕ್ತಿಯಾಗಲಿ ಗರಿಷ್ಠ ವೇಗವಾಗಲಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತವರ ಉಪಯೋಗಕ್ಕೆ ಬರುವುದಿಲ್ಲ. ಆದುದರಿಂದ ಕಡಿಮೆ ಬೆಲೆಯ ಹ್ಯಾಚ್‌ಬ್ಯಾಕ್ ಕೊಳ್ಳಲು ಹೊರಟವರು ಮೊದಲು ನೋಡಬೇಕಾದದ್ದು, ಗಂಟೆಗೆ 30 ಕಿಲೋಮೀಟರಿನೊಳಗಿನ ವೇಗದಲ್ಲಿ ಆ ಕಾರು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು.

ಡಿಕ್ಕಿ ಪ್ರತ್ಯೇಕವಾಗಿ ಹೊರಚಾಚದೆ ಒಳಾಂಗಣದಲ್ಲೇ ಸೇರಿಕೊಂಡು, ಹಿಂಬದಿಯ ಬಾಗಿಲು ಗಾಜಿನ ಸಮೇತ ಮೇಲಕ್ಕೆ ತೆರೆದುಕೊಳ್ಳುವ ಕಾರಿಗೆ ಹ್ಯಾಚ್‌ಬ್ಯಾಕ್ ಎನ್ನುತ್ತಾರೆ. 1983ರ ಡಿಸೆಂಬರಿನಲ್ಲಿ ಬಂದ 796 ಸಿಸಿಯ ಮಾರುತಿ 800 ಈ ಆಕಾರವನ್ನು ಭಾರತದ ಮಧ್ಯಮ ವರ್ಗದ ಮನೆಯಂಗಳಕ್ಕೆ ತಂದಿತು. ತೆರಿಗೆಯ ನಿಯಮವೂ ಸಣ್ಣ ಕಾರಿನ ಪರ ನಿಂತಿದೆ. ಉದ್ದ ನಾಲ್ಕು ಮೀಟರನ್ನೂ ಪೆಟ್ರೋಲ್ ಎಂಜಿನ್ 1200 ಸಿಸಿಯನ್ನೂ ಮೀರದ ಕಾರುಗಳ ಮೇಲೆ ಸೆಸ್ ಸೇರಿ ಶೇ. 29ರಷ್ಟಿದ್ದ ಜಿಎಸ್‌ಟಿ ಹೊರೆ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ.

ಜನ ಪಿಕಪ್ ಎಂದು ಕರೆಯುವ ಗುಣವನ್ನು ನಗರದ ವೇಗದಲ್ಲಿ ನಿರ್ಧರಿಸುವುದು ಟಾರ್ಕ್, ಅಂದರೆ ಎಂಜಿನ್ನಿನ ದಂಡವನ್ನು ತಿರುಗಿಸುವ ಬಲ. ಅದನ್ನು ಕಾರಿನ ತೂಕದೊಂದಿಗೆ ಇಟ್ಟು ನೋಡಿದಾಗ ಮಾತ್ರ ಅಂಕಿಗೆ ಅರ್ಥ ಬರುತ್ತದೆ. ಟಾಟಾ ಟಿಯಾಗೊದ 1199 ಸಿಸಿ ಎಂಜಿನ್ 113 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ, ಆದರೆ ಆ ಕಾರಿನ ತೂಕ ಹೆಚ್ಚುಕಡಿಮೆ ಒಂದು ಟನ್. ಮಾರುತಿ ಆಲ್ಟೊ ಕೆ10ರ 998 ಸಿಸಿ ಎಂಜಿನ್ನಿನ ಟಾರ್ಕ್ 90ರ ಆಸುಪಾಸಿನಲ್ಲೇ ನಿಂತರೂ ಅದು ಎಳೆಯಬೇಕಾದ ಭಾರ ಮುಕ್ಕಾಲು ಟನ್ನಿನಷ್ಟೇ. ಭಾಗಿಸಿ ನೋಡಿದರೆ ಎರಡೂ ಸರಿಸುಮಾರು ಒಂದೇ ಲೆಕ್ಕಕ್ಕೆ ಬರುವುದರಿಂದ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಓಡುವಾಗ ದೊಡ್ಡ ಎಂಜಿನ್ನಿನವರಿಗೆ ನಿರೀಕ್ಷಿಸಿದಷ್ಟು ಲಾಭವೇನೂ ಕಾಣುವುದಿಲ್ಲ. ಇದರ ಜೊತೆಗೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ. 10ರಷ್ಟು ಕಡಿಮೆಯಿರುತ್ತದೆ. ಟರ್ಬೊ ಇಲ್ಲದ ಎಂಜಿನ್ ಸುತ್ತಲಿನ ಒತ್ತಡದಲ್ಲೇ ಗಾಳಿಯನ್ನು ಒಳಗೆಳೆದುಕೊಳ್ಳಬೇಕಾಗಿರುವುದರಿಂದ ಅದರ ಶಕ್ತಿಯೂ ಹತ್ತಿರ ಹತ್ತಿರ ಅಷ್ಟೇ ಕುಗ್ಗುತ್ತದೆ. ನಾಲ್ಕು ಜನ ಕೂತು ಎ.ಸಿ. ಹಾಕಿ ಮೇಲ್ಸೇತುವೆ ಏರುವಾಗ ಗೇರು ಇಳಿಸಬೇಕಾಗಿ ಬರುವುದಕ್ಕೆ ಇದೂ ಒಂದು ಕಾರಣ.

ಕೊಳ್ಳುವವರ ನಿರ್ಧಾರದಲ್ಲಿ ಅತಿ ಮುಖ್ಯವಾದದ್ದು ಗೇರ್‌ಬಾಕ್ಸ್. 2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ಭಾರತಕ್ಕೆ ಬಂದ ಎಎಂಟಿ ಎಂಬ ವ್ಯವಸ್ಥೆಯನ್ನು ಹಲವರು ಪೂರ್ಣ ಆಟೋಮ್ಯಾಟಿಕ್ ಎಂದೇ ಭಾವಿಸುತ್ತಾರೆ. ವಾಸ್ತವದಲ್ಲಿ ಅದರೊಳಗಿರುವುದು ಮಾಮೂಲಿ ಗೇರ್‌ಬಾಕ್ಸ್ ಮತ್ತು ಮಾಮೂಲಿ ಕ್ಲಚ್ಚೇ. ಎಡಗಾಲು ಮತ್ತು ಎಡಗೈ ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರಿನ ಆಜ್ಞೆಯಂತೆ ಒಂದು ಯಂತ್ರ ಮಾಡುತ್ತದೆ. ಗೇರು ಬದಲಾಗುವಷ್ಟು ಹೊತ್ತು ಕ್ಲಚ್ ಬಿಟ್ಟುಕೊಳ್ಳುವುದರಿಂದ ಚಕ್ರಕ್ಕೆ ಶಕ್ತಿ ತಪ್ಪಿ, ಕೂತವರ ತಲೆ ತುಸು ಮುಂದಕ್ಕೆ ವಾಲುತ್ತದೆ. ಗೇರು ಬದಲಾಗುವ ಕ್ಷಣವನ್ನು ಗುರುತಿಸಿ ಆಕ್ಸಿಲರೇಟರಿನ ಮೇಲಿನ ಪಾದವನ್ನು ಕೊಂಚ ಸಡಿಲಿಸುವುದನ್ನು ರೂಢಿ ಮಾಡಿಕೊಂಡರೆ ಈ ವಾಲಾಟ ಬಹುಮಟ್ಟಿಗೆ ಮಾಯವಾಗುತ್ತದೆ. ಆದರೆ ನೆಲಮಾಳಿಗೆಯ ಪಾರ್ಕಿಂಗಿನಿಂದ ಮೇಲೆ ಬರುವ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ, ಆಕ್ಸಿಲರೇಟರನ್ನೇ ಅರೆಬರೆ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳುವವರ ಕೈಯಲ್ಲಿ ಎಎಂಟಿಯ ಕ್ಲಚ್, ಸದಾ ಹಾಫ್ ಕ್ಲಚ್ಚಿನಲ್ಲಿ ಓಡಿಸುವವರ ಕಾರಿನಲ್ಲಾಗುವಂತೆಯೇ, ಬಿಸಿಯೇರಿ ಬೇಗ ಸವೆಯುತ್ತದೆ. ಸುಮಾರು ಅರ್ಧ ಲಕ್ಷ ರೂಪಾಯಿ ಹೆಚ್ಚು ಕೊಟ್ಟು ಕೊಳ್ಳುವ ಈ ಅನುಕೂಲ, ದಿನಕ್ಕೆ ಒಂದು ಗಂಟೆಗೂ ಮಿಕ್ಕಿ ದಟ್ಟಣೆಯಲ್ಲಿ ತೆವಳುವವರಿಗೆ ಖಂಡಿತ ಸಾರ್ಥಕವಾದ ಖರ್ಚು.

ಅಳತೆಗಳ ಪೈಕಿ ಎರಡನ್ನು ಮಾತ್ರ ಗಮನಿಸಿದರೆ ಸಾಕು. ಸ್ಟಿಯರಿಂಗನ್ನು ಪೂರ್ತಿ ತಿರುವಿದಾಗ ಕಾರು ಸುತ್ತುವ ವೃತ್ತದ ಅರ್ಧ ಅಗಲವನ್ನು ತಿರುವು ತ್ರಿಜ್ಯ ಎನ್ನುತ್ತಾರೆ. ಅದು ಆಲ್ಟೊಗೆ 4.5, ವ್ಯಾಗನ್ ಆರ್‌ಗೆ 4.7, ಟಿಯಾಗೊಗೆ 4.9 ಮೀಟರ್. ಮೊದಲನೆಯದಕ್ಕೂ ಕೊನೆಯದಕ್ಕೂ ಯು-ಟರ್ನಿನಲ್ಲಿ ಬೀಳುವ ವ್ಯತ್ಯಾಸ ಎರಡೂವರೆ ಅಡಿಗೂ ಹೆಚ್ಚು. ಮಲ್ಲೇಶ್ವರದ ಅಡ್ಡರಸ್ತೆಯಲ್ಲಿ ಒಂದೇ ಸಲಕ್ಕೆ ತಿರುಗುವುದಕ್ಕೂ ರಿವರ್ಸ್ ಹಾಕಿ ಹಿಂದಿನವರ ಹಾರ್ನ್ ಕೇಳುವುದಕ್ಕೂ ಇರುವ ಅಂತರ ಅಷ್ಟೇ. ಎರಡನೆಯದು ನೆಲದಿಂದ ಕಾರಿನ ತಳದವರೆಗಿನ ಎತ್ತರ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ರಸ್ತೆಯುಬ್ಬು 10 ಸೆಂಟಿಮೀಟರ್ ಎತ್ತರವಿದ್ದು 3.7 ಮೀಟರ್ ಉದ್ದಕ್ಕೆ ನಿಧಾನವಾಗಿ ಹರಡಿರಬೇಕು. ಬಡಾವಣೆಗಳ ಹಂಪುಗಳು ಈ ಅಳತೆಗೆ ಬಗ್ಗದೆ ಮೊನಚಾಗಿ ಎದ್ದು ನಿಂತಿರುವುದರಿಂದ, ಐದು ಜನ ಕೂತಾಗ ಬಾಗುವ ಸಸ್ಪೆನ್ಷನ್ನಿನ ಮೇಲೆ ಟಿಯಾಗೊದ 170 ಅಥವಾ ರೆನೊ ಕ್ವಿಡ್‌ನ 184 ಮಿಲಿಮೀಟರ್ ಆಡಂಬರವೆನಿಸುವುದಿಲ್ಲ.

ಮೈಲೇಜಿನ ಮೋಹವನ್ನು ಲೆಕ್ಕಕ್ಕೆ ಒಡ್ಡಿ ನೋಡುವುದು ಒಳ್ಳೆಯದು. ಆಲ್ಟೊ ಕೆ10ರ ಹೆಸರಿನಲ್ಲಿ ಪ್ರಕಟವಾಗಿರುವ 24.39 ಕಿಲೋಮೀಟರ್ ಪ್ರಯೋಗಾಲಯದ ಉರುಳೆಗಳ ಮೇಲೆ ನಿಗದಿತ ಕ್ರಮದಲ್ಲಿ ಓಡಿಸಿ ಪಡೆದ ಅಂಕಿ; ನಗರದಲ್ಲಿ ಅದು ಸಿಗುವುದಿಲ್ಲ. ತಿಂಗಳಿಗೆ 500 ಕಿಲೋಮೀಟರ್ ಓಡುವ ಕುಟುಂಬಕ್ಕೆ ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿಗೂ 18 ಕೊಡುವ ಕಾರಿಗೂ ವರ್ಷದಲ್ಲಿ ಬೀಳುವ ವ್ಯತ್ಯಾಸ 67 ಲೀಟರ್. ಪೆಟ್ರೋಲಿಗೆ 100 ರೂಪಾಯಿ ಹಿಡಿದರೂ ತಿಂಗಳಿಗೆ 560 ರೂಪಾಯಿ ದಾಟದು. ಇಷ್ಟು ಕಡಿಮೆ ಓಡುವವರು ಡಿಕ್ಕಿಯ ಜಾಗ ಬಿಟ್ಟುಕೊಟ್ಟು, ಹೆಚ್ಚು ಬೆಲೆ ತೆತ್ತು ಸಿಎನ್‌ಜಿ ಕಾರು ಕೊಂಡರೆ ಹಾಕಿದ ಹಣ ಹಿಂದಿರುಗಲು ವರ್ಷಗಳೇ ಬೇಕು.

ಸುರಕ್ಷತೆಯ ವಿಚಾರದಲ್ಲಿ ಏರ್‌ಬ್ಯಾಗಿನ ಸಂಖ್ಯೆಯೇ ಸರ್ವಸ್ವವಲ್ಲ. ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಕಾರನ್ನು ಗುದ್ದಿಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಟಿಯಾಗೊ 2020ರಲ್ಲಿ ವಯಸ್ಕರ ರಕ್ಷಣೆಗೆ ನಾಲ್ಕು ನಕ್ಷತ್ರ ಪಡೆದರೆ, ಆಲ್ಟೊ ಕೆ10 2023ರಲ್ಲಿ ಎರಡನ್ನಷ್ಟೇ ಪಡೆಯಿತು. ಎರಡರಲ್ಲೂ ಇದ್ದದ್ದು ಎರಡೆರಡೇ ಏರ್‌ಬ್ಯಾಗು. 2025ರಿಂದ ಆಲ್ಟೊಗೆ ಆರು ಏರ್‌ಬ್ಯಾಗು ಬಂದಿರುವುದು ಸ್ವಾಗತಾರ್ಹವಾದರೂ, ಹೆದ್ದಾರಿಯಲ್ಲಿ ಆಗಾಗ ಊರಿಗೆ ಹೋಗಿಬರುವವರು ಕಾರಿನ ಕವಚದ ಗಟ್ಟಿತನಕ್ಕೂ ಬೆಲೆ ಕಟ್ಟಬೇಕು.

ಇನ್ನು ಬೆಲೆ. ಷೋರೂಮಿನ ಬೆಲೆಯ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ ಐದು ಲಕ್ಷದೊಳಗಿನ ಕಾರಿಗೆ ಶೇ. 13, ಐದರಿಂದ ಹತ್ತು ಲಕ್ಷದವರೆಗೆ ಶೇ. 14ರಷ್ಟಿದ್ದು, ಅದರ ಮೇಲೆ ಸೆಸ್ ಬೇರೆ ಬೀಳುತ್ತದೆ. ಕಾನೂನು ಕಡ್ಡಾಯ ಮಾಡಿರುವ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆಯನ್ನು ಷೋರೂಮಿನಲ್ಲೇ ಮಾಡಿಸಬೇಕೆಂಬ ನಿಯಮವಿಲ್ಲವಾದ್ದರಿಂದ ಹೊರಗೂ ವಿಚಾರಿಸಿದರೆ ಉಳಿತಾಯಕ್ಕೆ ಅವಕಾಶವಿದೆ. ನೋಂದಣಿಗೆ ಮುನ್ನ ಗೋದಾಮಿಗೆ ಹೋಗಿ ತಯಾರಿಕೆಯ ತಿಂಗಳನ್ನೂ ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಗಳನ್ನೂ ನೋಡಬೇಕು. ಮೊದಲೆರಡು ಅಂಕಿ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುವುದರಿಂದ 1425 ಎಂದಿದ್ದರೆ ಆ ಟೈರು 2025ರ ಹದಿನಾಲ್ಕನೆಯ ವಾರದ್ದು.

ಟೆಸ್ಟ್ ಡ್ರೈವನ್ನು ಭಾನುವಾರ ಬೆಳಿಗ್ಗೆಯ ಖಾಲಿ ರಸ್ತೆಯಲ್ಲಿ ಮುಗಿಸದೆ, ಕೆಲಸದ ದಿನ ಒಂಬತ್ತೂವರೆಯ ದಟ್ಟಣೆಯಲ್ಲಿ, ಮನೆಯವರನ್ನೆಲ್ಲ ಕೂರಿಸಿಕೊಂಡು, ಎ.ಸಿ. ಹಾಕಿ, ಒಂದು ಹಂಪು ಮತ್ತು ಒಂದು ಇಳಿಜಾರು ಸೇರುವಂತೆ ಮಾಡುವುದು ಲೇಸು. ಎರಡನೆಯ ಗೇರಿನಲ್ಲಿ ಗಂಟೆಗೆ 15 ಕಿಲೋಮೀಟರಿನಿಂದ ಎಳೆಯುವಾಗ ಎಂಜಿನ್ ಗುದ್ದಾಡದೆ ಸಾಗಿದರೆ ಆ ಕಾರು ನಗರಕ್ಕೆ ಒಗ್ಗುತ್ತದೆ. ಒಬ್ಬಿಬ್ಬರೇ ಓಡಾಡುವ ಮನೆಗೆ ಆಲ್ಟೊದ ಎಎಂಟಿಯೂ, ಸೀಟಿಗೆ ಕುಗ್ಗಿ ಇಳಿಯಲಾರದ ಹಿರಿಯರಿರುವ ಮನೆಗೆ ಎತ್ತರದ ವ್ಯಾಗನ್ ಆರ್ ಕೂಡ, ತಿಂಗಳಿಗೊಮ್ಮೆಯಾದರೂ ಹೆದ್ದಾರಿ ಹಿಡಿಯುವವರಿಗೆ ಟಿಯಾಗೊವೂ ಸೂಕ್ತ ಆಯ್ಕೆಗಳು. ಡ್ಯಾಷ್‌ಬೋರ್ಡಿನ ಪರದೆ ಎಷ್ಟು ಅಗಲವಿದೆ ಎಂಬುದನ್ನು ಇವೆಲ್ಲ ತೀರ್ಮಾನವಾದ ಮೇಲೆ ನೋಡಿದರಾಯಿತು.