ದೀಪ ಕಾಯ್ದ ಸ್ವರ

ಬಾಗಲಕೋಟೆ ಸೀಮೆಯ ಬೇವೂರಿನ ಸುತ್ತಿನ ಊರುಗಳಲ್ಲಿ ಬಯಲಾಟ ಶುರುವಾಗುವ ಮುನ್ನ ಮೈಕ್ ಸೆಟ್‌ನವರು ಮೈಕಿಗೆ ಊದುತ್ತಾರೆ, ಬೆರಳಿನಿಂದ ತಟ್ಟುತ್ತಾರೆ, ‘ಹಲೋ ಹಲೋ’ ಎನ್ನುತ್ತಾರೆ. ಆಂಪ್ಲಿಫೈಯರ್ ಸರಿಯಿದೆಯೇ ಎಂಬುದಕ್ಕೆ ಅವರ ಕಿವಿಯದೇ ತೀರ್ಪು. ಇದಕ್ಕಿಂತ ಬೇರೆಯದೊಂದು ಪಂಥವಿದೆ. ಅದು ಗೊತ್ತಿರುವ ಒಂದೇ ಶುದ್ಧ ಸ್ವರವನ್ನು ಯಂತ್ರದೊಳಗೆ ಬಿಟ್ಟು, ಹೊರಬಂದದ್ದು ಎಷ್ಟು ಕೆಟ್ಟಿದೆ ಎಂದು ಅಳೆಯುತ್ತದೆ. ಆ ಅಳತೆಯನ್ನು ಅಗ್ಗವಾಗಿಸಿದ್ದು ಅಮೆರಿಕದ ಎಂಜಿನಿಯರ್ ವಿಲಿಯಂ ಹ್ಯೂಲೆಟ್ ಕಟ್ಟಿದ, ಅಂಥ ಸ್ವರ ಹೊರಡಿಸುವ ಆಡಿಯೊ ಆಸಿಲೇಟರ್. ಈ ಪಂಥದ ಗಟ್ಟಿತನವೂ ಕೊರತೆಯೂ ಹುಟ್ಟಿದ್ದು ಅದರೊಳಗಿನ ಒಂದೇ ಪುಟ್ಟ ದೀಪದಿಂದ ಎಂಬುದು ನನ್ನ ವಾದ.

ಅದಕ್ಕೆ ಮುಂಚಿನ ದಾರಿಗಳು ಸುಲಭದವಲ್ಲ. ಕಾಯಿಲ್ ಮತ್ತು ಕೆಪ್ಯಾಸಿಟರ್ ಜೋಡಿಯಿಂದ ತಗ್ಗಿನ ಸ್ವರ ಹೊರಡಿಸಲು ಭಾರೀ ಕಾಯಿಲ್ ಬೇಕು. ಕೆಪ್ಯಾಸಿಟರನ್ನು ಹತ್ತು ಪಟ್ಟು ಬದಲಿಸಿದರೂ ಆವರ್ತನ ಬದಲಾಗುವುದು ಸುಮಾರು ಮೂರೇ ಪಟ್ಟು. ಎರಡು ಎತ್ತರದ ಆವರ್ತನಗಳ ವ್ಯತ್ಯಾಸದಿಂದ ಸ್ವರ ತೆಗೆಯುವ ಯಂತ್ರಗಳೂ ಇದ್ದವು. ಅವು ದುಬಾರಿ, ಜೊತೆಗೆ ಒಂದು ತುಸು ಜರುಗಿದರೂ ತಗ್ಗಿನ ಸ್ವರ ತಪ್ಪುತ್ತಿತ್ತು. ಹ್ಯೂಲೆಟ್ ಕಾಯಿಲನ್ನೇ ಬಿಟ್ಟು ರೆಸಿಸ್ಟರ್ ಮತ್ತು ಕೆಪ್ಯಾಸಿಟರ್ ಹಿಡಿದರು. ಅಲ್ಲಿ ಕೆಪ್ಯಾಸಿಟರ್ ಹತ್ತು ಪಟ್ಟು ಬದಲಾದರೆ ಆವರ್ತನವೂ ಹತ್ತು ಪಟ್ಟು ಬದಲಾಗುತ್ತದೆ.

ಆದರೆ ಈ ಜೋಡಣೆ ಸಿಗ್ನಲನ್ನು ಮೂರರಲ್ಲೊಂದು ಪಾಲಿಗೆ ಇಳಿಸುತ್ತದೆ. ಆಂಪ್ಲಿಫೈಯರ್ ಸರಿಯಾಗಿ ಮೂರು ಪಟ್ಟು ಹೆಚ್ಚಿಸಬೇಕು. ಕಡಿಮೆಯಾದರೆ ಸ್ವರ ಸಾಯುತ್ತದೆ, ಹೆಚ್ಚಾದರೆ ಅಲೆಯ ತಲೆ ಮೊಟಕಾಗುತ್ತದೆ. ಹ್ಯೂಲೆಟ್ ಅಲ್ಲಿ ಒಂದು ಸಣ್ಣ ಬಲ್ಬ್ ಕೂರಿಸಿದರು. ಸ್ವರ ಜೋರಾದರೆ ಬಲ್ಬಿನ ತಂತಿ ಕಾಯುತ್ತದೆ, ಅದರ ರೋಧ ಏರುತ್ತದೆ, ಆಂಪ್ಲಿಫೈಯರ್ ತಗ್ಗುತ್ತದೆ. ಸ್ವರ ಸೋತರೆ ತಂತಿ ತಣ್ಣಗಾಗಿ ಮತ್ತೆ ಎತ್ತುತ್ತದೆ.

ಇದೆಲ್ಲ ಅವರೊಬ್ಬರದೇ ಅಲ್ಲ. ರೆಸಿಸ್ಟರ್-ಕೆಪ್ಯಾಸಿಟರಿನ ಆ ‘ಸೇತುವೆ’ ಜೋಡಣೆ 1891ರಲ್ಲಿ ಮ್ಯಾಕ್ಸ್ ವೀನ್ ಕೊಟ್ಟದ್ದು. ಹೊರಬಂದ ಸಿಗ್ನಲಿನ ಒಂದು ಪಾಲನ್ನು ಎದುರಾಗಿ ಮರಳಿಸಿ ಆಂಪ್ಲಿಫೈಯರನ್ನು ಹದದಲ್ಲಿಡುವ ಋಣ ಮರುಪೂರಣದ (ನೆಗೆಟಿವ್ ಫೀಡ್‌ಬ್ಯಾಕ್) ವಿಚಾರ 1927ರಲ್ಲಿ ಹೆರಾಲ್ಡ್ ಬ್ಲ್ಯಾಕ್‌ಗೆ ಹೊಳೆದದ್ದು. ಬಲ್ಬಿನಿಂದ ಸ್ವರದ ಮಟ್ಟ ಕಾಯುವುದನ್ನು ಮೀಚಮ್ ಎಂಬ ಎಂಜಿನಿಯರ್ 1938ರಲ್ಲೇ ತೋರಿಸಿದ್ದರು. ಮೂರನ್ನೂ ಕೂಡಿಸಿ, ಅಗ್ಗದ ಪೆಟ್ಟಿಗೆಯಾಗಿ ಮಾಡಿದ್ದು ಹ್ಯೂಲೆಟ್‌ರ ಸಾಧನೆ. ಅವರು ಡೇವಿಡ್ ಪ್ಯಾಕರ್ಡ್ ಜೊತೆ 1939ರಲ್ಲಿ ಪಾಲೊ ಆಲ್ಟೊದ ಗ್ಯಾರೇಜಿನಲ್ಲಿ ಆರಂಭಿಸಿದ ಕಂಪನಿಯ ಮೊದಲ ಸರಕು ಇದೇ ಆಸಿಲೇಟರ್; ಮಾದರಿ 200ಎ, ಆಗಿನ ಬೆಲೆ 54.40 ಡಾಲರ್. ‘ಫ್ಯಾಂಟೇಸಿಯಾ’ ಚಿತ್ರದ ಧ್ವನಿ ವ್ಯವಸ್ಥೆಗಾಗಿ ಡಿಸ್ನಿ ಸ್ಟುಡಿಯೊ 200ಬಿ ಮಾದರಿಯ ಎಂಟು ಯಂತ್ರ ಕೊಂಡಿತು.

ಈ ಪಂಥದ ಋಣ ನಮ್ಮ ಮೇಲೂ ಇದೆ. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿಯಂಥ ನಿಲಯದಲ್ಲಿ ಸ್ಟುಡಿಯೊದಿಂದ ಟ್ರಾನ್ಸ್‌ಮಿಟರ್‌ವರೆಗಿನ ಸರಪಳಿ ಸರಿಯಿದೆಯೆಂದು ಬರೀ ಕಿವಿಯಿಂದ ಹೇಳಲಾಗದು; ಅಳತೆಯ ಸ್ವರ ಬೇಕೇ ಬೇಕು.

ಇನ್ನು ಕೊರತೆ. ದೀಪ ಕಾಯುವುದು, ಆರುವುದು ನಿಧಾನ. ಅಲೆ ವೇಗವಾಗಿದ್ದಾಗ ಆ ನಿಧಾನವೇ ಗುಣ. ಒಂದೊಂದು ಅಲೆಗೂ ಬೆದರದೆ ಅದು ಸರಾಸರಿಯನ್ನು ಹಿಡಿಯುತ್ತದೆ. ಆವರ್ತನ 20 ಹರ್ಟ್ಸ್‌ನತ್ತ ಇಳಿದಂತೆ ದೀಪ ಅಲೆಯೊಂದಿಗೇ ಕಾಯ್ದು ಆರತೊಡಗುತ್ತದೆ; ಆಗ ಕಾಯಬೇಕಾದದ್ದೇ ಸ್ವರವನ್ನು ಕೆಡಿಸುತ್ತದೆ. ಹೀಗೆ ನಿಧಾನದ ದೀಪವನ್ನು ನೆಚ್ಚಿದ ಈ ಪಂಥಕ್ಕೆ ಒಗ್ಗಿದ್ದು ಏರಿಳಿತವಿಲ್ಲದ, ನಿಂತ ಸ್ವರ.

ನಿಂತ ಸ್ವರಕ್ಕೆ ಒಪ್ಪಿದ ಯಂತ್ರ ಎಲ್ಲ ಶಬ್ದಕ್ಕೂ ಒಪ್ಪುತ್ತದೆಂದು ನಂಬಿದ್ದು ಅನುಯಾಯಿಗಳ ತಪ್ಪು. ಹಠಾತ್ತಾದ ಸದ್ದಿಗೆ ಆಂಪ್ಲಿಫೈಯರ್ ಎಡವುವ ಬಗೆಯನ್ನು 1970ರ ದಶಕದಲ್ಲಿ ಫಿನ್ಲೆಂಡಿನ ಮಟ್ಟಿ ಓಟಲಾ ಮುಂದಿಟ್ಟಾಗ ದೊಡ್ಡ ಚರ್ಚೆಯೇ ನಡೆಯಿತು. ನಮಗೆ ಅದನ್ನು ತಿಳಿಯಲು ಕರಡಿ ಎಂಬ ಚರ್ಮವಾದ್ಯದ ಮೇಳ, ಕರಡಿ ಮಜಲು ಸಾಕು. ಕರಡಿಯ ಒಂದು ಪೆಟ್ಟು ಕಣ್ಣು ಮಿಟುಕಿಸುವಷ್ಟರಲ್ಲಿ ಏರಿ ಇಳಿಯುತ್ತದೆ. 1000 ಹರ್ಟ್ಸ್ ಸ್ವರವನ್ನು ಹಾಯಾಗಿ ದಾಟಿಸಿದ ಆಂಪ್ಲಿಫೈಯರ್ ಆ ಪೆಟ್ಟಿಗೆ ಒಡೆದ ಸದ್ದು ಮಾಡಬಹುದು. ಮೈಕ್ ಸೆಟ್‌ನವರ ಬೆರಳು ಮೈಕಿಗೆ ಕೊಡುವುದು ಅಂಥ ಪೆಟ್ಟನ್ನೇ. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ.

ಹಾಗೆಂದು ಕಿವಿಯೇ ಸಾಕೆನ್ನಲಾರೆ. ಕಿವಿ ದಣಿಯುತ್ತದೆ, ರೂಢಿಗೆ ಒಗ್ಗುತ್ತದೆ, ಇಂದು ಕೇಳಿದ್ದನ್ನು ನಾಳೆಗೆ ಅಂಕಿಯಾಗಿ ಉಳಿಸುವುದಿಲ್ಲ. ವೀನ್ ಸೇತುವೆ ಆಸಿಲೇಟರ್ ಇಂದಿಗೂ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳ ಪಾಠ. ಹ್ಯೂಲೆಟ್‌ರ ಕಾಲದ ವಾಲ್ವ್ ಇದ್ದಲ್ಲಿ 741 ಎಂಬ ಐಸಿ ಚಿಪ್ ಬಂದಿದೆ. ಆ ಆಸಿಲೇಟರಿನ ಸ್ವರ ಕೊಟ್ಟು ಒಂದು ಆಂಪ್ಲಿಫೈಯರಿನ ಗ್ರಾಫ್ ಬರೆದಾದ ಮೇಲೆ, ಬಾಗಲಕೋಟೆ ಸೀಮೆಯ ಪ್ರಯೋಗಶಾಲೆಯಲ್ಲಿ ಅದೇ ಆಂಪ್ಲಿಫೈಯರಿಗೆ ಮುದ್ರಿಸಿಕೊಂಡ ಕರಡಿಯ ಪೆಟ್ಟನ್ನೂ ಕೊಡಬೇಕು; ಒಳಹೋದ ಅಲೆಯನ್ನೂ ಹೊರಬಂದ ಅಲೆಯನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟು ನೋಡಬೇಕು. ದೀಪಕ್ಕೆ ಕಾಯಲು ಹೊತ್ತು ಬೇಕು. ಕರಡಿ ಅಷ್ಟು ಹೊತ್ತು ಕೊಡುವುದಿಲ್ಲ.