ಕೆನ್ನೆಯ ಮೇಲಿನ ತ್ರಿಕೋನ

ಒಂದೇ ದೀಪದಲ್ಲಿ ತೆಗೆದ ಭಾವಚಿತ್ರ ನನಗೆ ಎಲ್ಲಕ್ಕಿಂತ ಇಷ್ಟ. ದೀಪವನ್ನು ಸುಮಾರು 45 ಡಿಗ್ರಿ ಪಕ್ಕಕ್ಕೆ ಸರಿಸಿ, ತಲೆಗಿಂತ ತುಸು ಎತ್ತರಿಸಿ. ಮೂಗಿನ ನೆರಳು ಕೆನ್ನೆಯ ನೆರಳನ್ನು ಕೂಡಿಕೊಂಡೊಡನೆ, ಕತ್ತಲ ಬದಿಯ ಕಣ್ಣಿನ ಕೆಳಗೆ ಬೆಳಕಿನ ಪುಟ್ಟ ತ್ರಿಕೋನ ಉಳಿಯುತ್ತದೆ. ಡಚ್ ಚಿತ್ರಕಾರ ರೆಂಬ್ರಾಂಟ್‌ನ (1606–1669) ಭಾವಚಿತ್ರಗಳಲ್ಲಿ ಕಾಣುವ ಬೆಳಕಿದು. ಛಾಯಾಗ್ರಾಹಕರು ಇಂದಿಗೂ ಅವನ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ತ್ರಿಕೋನ ಕಣ್ಣಿಗಿಂತ ಅಗಲವಾಗಬಾರದು, ಮೂಗಿಗಿಂತ ಉದ್ದವಾಗಬಾರದು. ದೀಪ ತೀರಾ ಮೇಲೇರಿತೋ, ಕಣ್ಣಿನ ಗುಳಿಯಲ್ಲಿ ನೆರಳು ತುಂಬಿಕೊಳ್ಳುತ್ತದೆ. ಕಣ್ಣಾಲಿಯ ಆ ಹೊಳಪಿನ ಚುಕ್ಕೆ ಹೋದರೆ ಮುಖಕ್ಕೆ ಕಳೆಯೇ ಇಲ್ಲ.

ದೂರದ ಆಟ ಇನ್ನೂ ಸೊಗಸು. ದೀಪವನ್ನು ಅರ್ಧ ದೂರಕ್ಕೆ ತಂದರೆ ಮುಖದ ಮೇಲಿನ ಬೆಳಕು ಹೆಚ್ಚುಕಡಿಮೆ ನಾಲ್ಕು ಪಟ್ಟು. ಅದಕ್ಕೆ ತಕ್ಕಂತೆ ಕ್ಯಾಮೆರಾ ಹೊಂದಿಸಿದರೆ ಹಿಂದಿನ ಗೋಡೆ ತಾನಾಗಿ ಕಪ್ಪಾಗುತ್ತದೆ. ನೆರಳು ಗಾಢವೆನಿಸಿತೇ? ಎದುರು ಬದಿಗೆ ಬಿಳಿ ಥರ್ಮೋಕೋಲ್ ಹಾಳೆ ಹಿಡಿದರೆ ಸಾಕು.